ಯಾರೂ ಇಳಿಯದ ನೀರು

ನಮ್ಮಪ್ಪನಿಗೆ ಮನುಷ್ಯರನ್ನು ಕಂಡರೆ ಆಗುವುದಿಲ್ಲ ಎಂದು ನೆಂಟರೆಲ್ಲ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಒಣಗಿರುವ ಮನುಷ್ಯರ ಬಗ್ಗೆ ಅವನಿಗೆ ಏನೂ ತಕರಾರಿರಲಿಲ್ಲ. ಒದ್ದೆಯಾದ ಮನುಷ್ಯರನ್ನು ಕಂಡರೆ ಮಾತ್ರ ಹೊಟ್ಟೆ ತೊಳಸುತ್ತಿತ್ತು.

ಅವನ ಕೆಲಸ ಅಂಥದ್ದು. ಊರಿನ ದೊಡ್ಡ ಕ್ಲಬ್ಬೊಂದರಲ್ಲಿ ಈಜುಕೊಳ ನೋಡಿಕೊಳ್ಳುತ್ತಿದ್ದ. ಮೀಸೆ ಚಿಗುರುವ ಹೊತ್ತಿಗೆ ಸೇರಿದವನು ತಲೆ ಬೋಳಾಗಿ ನಿವೃತ್ತನಾಗುವ ತನಕ ಅದೇ ಕೊಳ, ಅದೇ ಪಂಪು, ಅದೇ ಫಿಲ್ಟರು. ಮೆಂಬರುಗಳಿಗೆ ಕಾಣುತ್ತಿದ್ದದ್ದು ನೀಲಿ ನೀರು. ಅಪ್ಪನಿಗೆ ಕಾಣುತ್ತಿದ್ದದ್ದು ಫಿಲ್ಟರಿನ ಬುಟ್ಟಿ. ಬೆಳಗ್ಗೆ ಮುಚ್ಚಳ ತೆಗೆದರೆ ಕೂದಲಿನ ಉಂಡೆ, ಗಾಯದಿಂದ ಕಿತ್ತುಬಂದ ಪಟ್ಟಿ, ಕಿವಿಗಿಟ್ಟ ಹತ್ತಿ, ಜಗಿದು ಬಿಟ್ಟ ಚೂಯಿಂಗ್ ಗಮ್. ಒಮ್ಮೆ ಒಂದು ಕಟ್ಟಿಸಿದ ಹಲ್ಲು ಸಿಕ್ಕಿತ್ತಂತೆ. ಹಲ್ಲಿನ ಯಜಮಾನ ಬಂದು ಅದನ್ನು ನಲ್ಲಿಗೆ ಹಿಡಿದು, ಒಂದು ಸಲ ಕೊಡವಿ, ಅಲ್ಲೇ ಬಾಯಿಗೆ ಹಾಕಿಕೊಂಡನಂತೆ. ಈ ಕತೆ ಹೇಳುವಾಗಲೆಲ್ಲ ಅಪ್ಪನ ಮುಖ ಹರಳೆಣ್ಣೆ ಕುಡಿದವನ ಹಾಗಾಗುತ್ತಿತ್ತು. ಕತೆಯನ್ನು ಮಾತ್ರ ಊಟದ ಹೊತ್ತಿಗೇ ಹೇಳುತ್ತಿದ್ದ.

"ದೊಡ್ಡ ದೊಡ್ಡ ಮನುಷ್ಯರು ಕಣೇ," ಅನ್ನುತ್ತಿದ್ದ. "ಸೂಟು ಬೂಟು ಹಾಕ್ಕೊಂಡು ಬರ್ತಾರೆ. ನೀರಿಗಿಳಿದ ತಕ್ಷಣ ತೊಟ್ಟಿಲ ಕೂಸು. ಮುಖ ನೋಡಿದ್ರೇ ಗೊತ್ತಾಗತ್ತೆ ನಂಗೆ. ಮಾತಾಡ್ತಾ ಮಾತಾಡ್ತಾ ಒಂದು ಗಳಿಗೆ ಸುಮ್ಮನಾಗಿ ಆಕಾಶ ನೋಡಿದ್ರು ಅಂದ್ರೆ ಮುಗೀತು."

ಎಲ್ಲಕ್ಕೂ ಅವನ ಹತ್ತಿರ ಇದ್ದದ್ದು ಒಂದೇ ಮದ್ದು, ಕ್ಲೋರಿನ್ ಪುಡಿ. ದಿನಕ್ಕಿಷ್ಟು ಎಂದು ಅಳೆದು ಹಾಕುತ್ತಿದ್ದ. ಯಾವುದಾದರೂ ಮಗು ಕೊಳದಲ್ಲೇ ಹೊಟ್ಟೆ ಕೆಡಿಸಿಕೊಂಡರೆ ಎಲ್ಲರನ್ನೂ ಮೇಲೆ ಹತ್ತಿಸಿ, ಅದೇ ಪುಡಿಯನ್ನು ಬೇಕಾದಷ್ಟು ಸುರಿದುಬಿಡುತ್ತಿದ್ದ. ಅದಕ್ಕೆ ಅವರ ಕೆಲಸದಲ್ಲಿ 'ಶಾಕ್ ಕೊಡೋದು' ಅನ್ನುತ್ತಾರೆ. ಶಾಕ್ ಕೊಟ್ಟ ನೀರಿನ ಮುಂದೆ ನಿಂತಾಗ ಮಾತ್ರ ಅಪ್ಪನ ಮುಖ ಸಡಿಲವಾಗುತ್ತಿತ್ತು, ಅಷ್ಟು ಹೊತ್ತಾದರೂ ಅದರಲ್ಲಿ ಯಾರೂ ಇಲ್ಲವಲ್ಲ ಎಂದು. ಜೊತೆಯವರು ಅವನನ್ನು ಕ್ಲೋರಿನಣ್ಣ ಎಂದೇ ಕರೆಯುತ್ತಿದ್ದರು. ಬಟ್ಟೆ ಒಗೆದರೂ, ಮೈ ತಿಕ್ಕಿದರೂ ಆ ವಾಸನೆ ಬಿಟ್ಟು ಹೋಗುತ್ತಿರಲಿಲ್ಲ.

ಮನೆಯಲ್ಲೂ ಇದೇ ರಾಮಾಯಣ. ಅವನ ಲೋಟ ಬೇರೆ, ತಟ್ಟೆ ಬೇರೆ, ಸೋಪು ಬೇರೆ. ನಾವು ಮಕ್ಕಳು ಕಚ್ಚಿಕೊಟ್ಟ ಹಣ್ಣನ್ನು ಅವನು ಬಾಯಿಗಿಟ್ಟದ್ದನ್ನು ನಾನು ಕಾಣೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದ, ಇಲ್ಲವೆನ್ನುವುದಿಲ್ಲ. ಆದರೆ ಮುಟ್ಟಿದ ಮರುಕ್ಷಣವೇ ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸುತ್ತಿತ್ತು. ನಾನು ದೊಡ್ಡವಳಾಗಿ ನರ್ಸ್ ಆದೆ. ಬೆಡ್‌ಪ್ಯಾನ್ ಎತ್ತುತ್ತೇನೆ, ಕೀವು ಒರೆಸುತ್ತೇನೆ, ವಾಂತಿ ಬಳಿಯುತ್ತೇನೆ. ನನಗಿಲ್ಲದ ಹೇಸಿಗೆ ಇವನಿಗೆ ಎಲ್ಲಿಂದ ಬಂತೋ! ನಾನು ಡ್ಯೂಟಿ ಮುಗಿಸಿ ಬಂದರೆ ಸ್ನಾನ ಆಗುವ ತನಕ ಕುರ್ಚಿ ಮುಟ್ಟುವಂತಿಲ್ಲ. ಅವನ ಹೇಸಿಗೆ ಕಂಡು ಕಂಡು ನನಗೆ ಅವನ ಮೇಲೇ ಹೇಸಿಗೆ ಬಂದುಬಿಟ್ಟಿತ್ತು.

ಅಮ್ಮ ಇಂಥವನ ಜೊತೆ ಬದುಕಿದಳು. ಅದೇ ಕ್ಲಬ್ಬಿನಲ್ಲಿ ಟವೆಲ್ ಕೌಂಟರಿನಲ್ಲಿದ್ದಳು. ಒಣ ಟವೆಲ್ ಕೊಡುವುದು, ಒದ್ದೆ ಟವೆಲ್ ಇಸಿದುಕೊಳ್ಳುವುದು. ಅವಳ ಕೌಂಟರಿನ ಎದುರಿಗೆ ಲಾಂಜಿನ ಟೀವಿ. ಮೆಂಬರುಗಳ ಮಾತಿಗೆ ಅಡ್ಡಿಯಾಗಬಾರದೆಂದು ಸದ್ದು ಆರಿಸಿ ಅದರಲ್ಲಿ ಸಮುದ್ರದೊಳಗಿನ ಚಿತ್ರಗಳನ್ನು ಹಾಕಿರುತ್ತಿದ್ದರು. ಹವಳದ ದಿಬ್ಬ, ಅದರ ಸಂದಿಗಳಿಂದ ಇಣುಕುವ ಮೀನು, ಅಲುಗಾಡುವ ಗಿಡವೋ ಪ್ರಾಣಿಯೋ ತಿಳಿಯದ ಏನೇನೋ. ಮೆಂಬರುಗಳು ಯಾರೂ ಅತ್ತ ತಿರುಗುತ್ತಿರಲಿಲ್ಲ. ಅಮ್ಮ ಟವೆಲ್ ಮಡಿಚುತ್ತ ಮಡಿಚುತ್ತ ಅದನ್ನೇ ನೋಡಿಕೊಂಡು ಒಂದು ಆಯುಷ್ಯ ಕಳೆದಳು. ನೌಕರರು ಕೊಳಕ್ಕೆ ಇಳಿಯುವ ಹಾಗಿರಲಿಲ್ಲ. ನಿವೃತ್ತಳಾದ ಮರುವಾರವೇ ಅವಳು ನಗರಸಭೆಯ ಈಜುಕೊಳಕ್ಕೆ ಹೋಗಿ ಹೆಂಗಸರ ತರಗತಿಗೆ ಸೇರಿಕೊಂಡಳು. ಮೊದಲ ತಿಂಗಳು ನೀರು ಕುಡಿದದ್ದೇ ಕುಡಿದದ್ದು. ಆಮೇಲೆ ತೇಲಿದಳು, ಆಮೇಲೆ ಈಜಿದಳು.

ಆವತ್ತು ನಾನು ಮನೆಯಲ್ಲೇ ಇದ್ದೆ. ಅಮ್ಮ ಈಜು ಮುಗಿಸಿ, ಒದ್ದೆ ಜಡೆಯಿಂದ ತೊಟ್ಟಿಕ್ಕುತ್ತ ಬಂದು ಸೋಫಾದಲ್ಲಿ ಅಪ್ಪನ ಪಕ್ಕ ಕೂತಳು. ಅಪ್ಪ ಪೇಪರ್ ಮಡಿಚಿಕೊಂಡು, ಏನೋ ನೆನಪಾದವನ ಹಾಗೆ ಎದ್ದು, ಕಿಟಕಿಯ ಹತ್ತಿರದ ಕುರ್ಚಿಗೆ ಹೋಗಿ ಕೂತ. ದಿನವೂ ಹಾಗೇ ಮಾಡುತ್ತಿದ್ದ. ಆವತ್ತು ಅಮ್ಮ ಸುಮ್ಮನಿರಲಿಲ್ಲ.

"ಒಂದು ಮಾತು ಕೇಳ್ಲಾ?" ಅಂದಳು.

"ಕೇಳು."

"ಊರಿನ ಜನ ಇಳಿದ ನೀರು ನಿಮಗೆ ಹೇಸಿಗೆ. ಸರಿ, ನಿಮ್ಮ ಕೆಲಸ ಹಾಗಿತ್ತು, ಒಪ್ಕೊಂಡೆ. ನಾನು ಇಳಿದ ನೀರೂ ಹೇಸಿಗೆನಾ?"

ಅಪ್ಪ ಪೇಪರ್ ಬಿಚ್ಚಿದ, ಮತ್ತೆ ಮಡಿಚಿದ. "ಹಾಗಲ್ಲ ಕಣೇ," ಅಂದ.

"ಹಾಗಲ್ಲದಿದ್ರೆ ನನ್ನ ಜೊತೆ ಒಂದೇ ಒಂದು ಸಲ ನೀರಿಗಿಳೀರಿ. ನಂಗೆ ಹವಳದ ದಿಬ್ಬ ನೋಡ್ಬೇಕು, ನಿಮ್ಮ ಪಕ್ಕದಲ್ಲಿ ತೇಲ್ಕೊಂಡು ನೋಡ್ಬೇಕು. ಜಾಗ ನೀವೇ ಆರಿಸಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ನಾನು ಇನ್ನು ಯಾವತ್ತೂ ಕೇಳಲ್ಲ, ನಿಮ್ಮ ಪಕ್ಕ ಕೂರೋದೂ ಇಲ್ಲ."

ಅಮ್ಮ ಹಾಗೆಲ್ಲ ಮಾತಾಡುವವಳಲ್ಲ. ಅಪ್ಪ ಪೇಪರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೊನೆಗೆ, "ಇಳೀತೀನಿ," ಅಂದ. "ಯಾರೂ ಇಳಿಯದ ನೀರು ಹುಡುಕಿ ಇಳೀತೀನಿ."

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ದ್ವೀಪ ಹುಡುಕಾಟ. ಮದುವೆಗೆ ಗಂಡು ಹುಡುಕುವುದೂ ಇಷ್ಟು ತ್ರಾಸವಲ್ಲ. ಅಣ್ಣ ದಿನಾ ಸಂಜೆ ಆಫೀಸಿನಿಂದ ನೇರವಾಗಿ ಬಂದು ಫೋನಿನಲ್ಲಿ ಒಂದೊಂದೇ ರೆಸಾರ್ಟ್ ತೋರಿಸುತ್ತಿದ್ದ. ಮೊದಲನೆಯದು ಭಾರಿ ಸೊಗಸು. ಸಮುದ್ರದಲ್ಲೇ ಕಂಬ ನೆಟ್ಟು, ಕಂಬದ ಮೇಲೆ ಕೋಣೆಗಳು. ನೆಲಕ್ಕೆ ಗಾಜು, ಗಾಜಿನ ಕೆಳಗೆ ಮೀನು.

"ಕಕ್ಕಸು ಎಲ್ಲಿದೆ?" ಅಂದ ಅಪ್ಪ.

"ಅಟ್ಯಾಚ್ಡ್ ಅಪ್ಪ. ಕೋಣೆ ಒಳಗೇ ಇರುತ್ತೆ."

"ಅದು ಗೊತ್ತಯ್ಯಾ. ಅಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕೇಳ್ತಿರೋದು. ಕೆಳಗಡೆ ಸಮುದ್ರ ಬಿಟ್ಟು ಬೇರೇನೂ ಕಾಣ್ತಿಲ್ವಲ್ಲ!"

ಅಣ್ಣನಿಗೆ ಗೊತ್ತಿರಲಿಲ್ಲ. ಅಪ್ಪ ಅವನ ಕೈಯಿಂದ ಫೋನ್ ಕಸಿದುಕೊಂಡು ರೆಸಾರ್ಟಿಗೇ ಫೋನ್ ಮಾಡಿದ. ಎತ್ತಿದ ಹುಡುಗಿ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವಳ ಹಾಗೆ ಮಾತಾಡಿದಳು. "ಸರ್, ನಮ್ಮಲ್ಲಿ ಎಲ್ಲವೂ ಪರಿಸರಸ್ನೇಹಿ."

"ಸ್ನೇಹ ಇರ್ಲಿ ತಾಯಿ. ಪೈಪು ಎಲ್ಲಿ ಮುಗಿಯುತ್ತೆ?"

"ಒಂದು ನಿಮಿಷ ಲೈನಲ್ಲಿರಿ ಸರ್."

ಆಮೇಲೆ ಸಂಗೀತ. ಅಪ್ಪ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ನಾವು ನಾಲ್ವರೂ ಆ ದರಿದ್ರ ಸಂಗೀತ ಕೇಳಿಕೊಂಡು ಊಟ ಮುಗಿಸಿದೆವು. ತಟ್ಟೆ ಎತ್ತುವ ಹೊತ್ತಿಗೆ ಫೋನ್ ತಾನೇ ಕಟ್ಟಾಯಿತು. "ನೋಡಿದ್ರಾ?" ಅಂದ ಅಪ್ಪ. ಆ ಪಾಟಿ ಗೆದ್ದ ಮುಖವನ್ನು ಅವನಲ್ಲಿ ನಾನು ಅಪರೂಪಕ್ಕೆ ನೋಡಿದ್ದು.

ಇನ್ನೊಂದರಲ್ಲಿ ಕಡಲ ಅಂಚಿಗೇ ಒಂದು ದೊಡ್ಡ ಈಜುಕೊಳ. ಅದನ್ನು ತೋರಿಸಿದ ತಪ್ಪಿಗೆ ಅಪ್ಪ ಅಣ್ಣನಿಗೆ ಏಳು ಕೆರೆ ನೀರು ಕುಡಿಸಿದ. "ಸುತ್ತ ಸಮುದ್ರ ಇಟ್ಕೊಂಡು ಮಧ್ಯ ಕೊಳ ಯಾಕಪ್ಪಾ ಕಟ್ತಾರೆ? ಹೇಳು, ಓದಿದೋನು ನೀನು. ಅವರ ಸಮುದ್ರಕ್ಕೆ ಅವರೇ ಇಳಿಯಲ್ಲ ಅಂತ ತಾನೇ ಅರ್ಥ?" ಅಣ್ಣ ಮುಂದಿನ ರೆಸಾರ್ಟಿಗೆ ಬೆರಳಾಡಿಸಿದ.

ಹೀಗೆ ಒಂದು ಬೇಡ, ಎರಡು ಬೇಡ. ಒಂದು ದ್ವೀಪದಲ್ಲಿ ದೋಣಿಗಳ ಎಣ್ಣೆ. ಇನ್ನೊಂದರಲ್ಲಿ ಮೈಗೆಲ್ಲ ಕ್ರೀಮು ಮೆತ್ತಿಕೊಂಡ ಮಂದಿ ನೀರಿನ ಮೇಲೆ ಎಮ್ಮೆಗಳಂತೆ ಬಿದ್ದಿದ್ದರು. ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು, ನನಗೂ ಅರ್ಥವಾಗಿತ್ತು. ಇವನು ಹುಡುಕುತ್ತಿರುವುದು ದ್ವೀಪವನ್ನಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನು. ನನಗೆ ಪಿತ್ತ ನೆತ್ತಿಗೇರಿತು. ಒಂದು ಶನಿವಾರ ಅಪ್ಪ ಅಮ್ಮ ಇಬ್ಬರನ್ನೂ ಎಳೆದುಕೊಂಡು ಪೇಟೆಯ ಟ್ರಾವೆಲ್ಸ್ ಆಫೀಸಿಗೆ ಹೋದೆ.

ಹೋಗಬಾರದಿತ್ತು. ಟ್ರಾವೆಲ್ಸಿನವನು ತಲೆಗೆ ಮೆತ್ತಿದ ಜೆಲ್ ಹೊಳೆಯುತ್ತಿತ್ತು, ಅವನ ಹಲ್ಲೂ ಹೊಳೆಯುತ್ತಿತ್ತು. "ಆಂಟಿ, ಹವಳ ಗ್ಯಾರಂಟಿ!" ಅಂತ ಶುರು ಮಾಡಿದ. "ನೀರಿಗೆ ಸ್ವಲ್ಪ ಬ್ರೆಡ್ ಹಾಕಿದ್ರೆ ಸಾಕು, ಮೀನುಗಳು ಬಂದು ಮುತ್ಕೊಳ್ತಾವೆ. ಬೇಕಿದ್ರೆ ಕೈಲಿ ಹಿಡ್ಕೊಂಡು ಫೋಟೊ ತೆಗೆಸ್ಕೋಬಹುದು." ಆಲ್ಬಮ್ ತೆರೆದು ತೋರಿಸಿದ. ಕಿತ್ತಲೆ ಬಣ್ಣದ ಜಾಕೆಟ್ ಹಾಕಿಕೊಂಡ ಗುಂಪೊಂದು ಸೊಂಟದ ಮಟ್ಟದ ನೀರಿನಲ್ಲಿ ನಿಂತಿತ್ತು. ನಿಂತದ್ದು ನೆಲದ ಮೇಲಲ್ಲ, ಹವಳದ ಮೇಲೆ. ಕಾಲಡಿ ಮುರಿದುಬಿದ್ದ ತುಂಡುಗಳು ನೀರಿನೊಳಗಿಂದಲೇ ಬೆಳ್ಳಗೆ ಕಾಣುತ್ತಿದ್ದವು. ಒಬ್ಬಳು ನಕ್ಷತ್ರಮೀನನ್ನು ಎತ್ತಿ ಹಿಡಿದು, ತುಟಿ ಮುಂದೆ ಮಾಡಿ ಅದಕ್ಕೆ ಮುತ್ತು ಕೊಡುತ್ತಿದ್ದಳು. ಥೂ! ಆ ಚಿತ್ರದಲ್ಲಿ ಮರ್ಯಾದೆಯಿಂದ ಇದ್ದದ್ದು ಆ ಮೀನೊಂದೇ. ಅಮ್ಮ ಪುಟ ತಿರುಗಿಸದೆ ಆಲ್ಬಮ್ಮನ್ನೇ ಮುಚ್ಚಿಬಿಟ್ಟಳು.

"ನೀರಲ್ಲಿ ಉಸಿರಾಡೋಕೆ ಬಾಯಿಗೆ ಇಟ್ಕೊಳ್ಳೋ ಕೊಳವೆ ನಾವೇ ತರ್ಬೇಕಾ?" ಎಂದು ಕೇಳಿದಳು, ಮಾತು ಬದಲಿಸಲು.

"ಅಯ್ಯೋ, ಏನೂ ಬೇಡ ಆಂಟಿ. ಅಲ್ಲೇ ಒಂದು ದೊಡ್ಡ ಬಕೆಟ್ಟಲ್ಲಿ ಇಟ್ಟಿರ್ತಾರೆ. ಒಬ್ರು ಬಿಟ್ಟಿದ್ದನ್ನ ಇನ್ನೊಬ್ರು ತಗೊಳ್ಳೋದು. ಫ್ರೀ!"

ನಾನು ಅಪ್ಪನ ಕಡೆ ತಿರುಗಿದೆ. ಅವನ ಕುರ್ಚಿ ಖಾಲಿ. ಬೀದಿಗೆ ಹೋಗಿ, ಮೂಗು ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಲೈಟ್ ಕಂಬ ಹಿಡಿದು ನಿಂತಿದ್ದ.

ಕೊಳವೆ, ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕು ನಾವೇ ಕೊಂಡೆವು. ಹೊಸದು, ಪ್ಯಾಕೆಟ್ ಒಡೆಯದ್ದು. ಆದರೂ ಅಂಗಡಿಯವನು ಮುಟ್ಟಿರುತ್ತಾನಲ್ಲ ಎಂದು ಅಪ್ಪ ಅದನ್ನು ಪಾತ್ರೆಗೆ ಹಾಕಿ ಕುದಿಸಿದ. ಪ್ಲಾಸ್ಟಿಕ್ಕು ಬಾಡಿದ ಪಡವಲಕಾಯಿಯ ಹಾಗೆ ಸುರುಟಿಕೊಂಡಿತು. ಅಮ್ಮ ಮತ್ತೆ ಹೋಗಿ ಇನ್ನೆರಡು ಜೊತೆ ತಂದು, ಅವನ ಕೈಗೆ ಸಿಗದಂತೆ ಬೀರುವಿನಲ್ಲಿ ತನ್ನ ಬಟ್ಟೆಗಳ ನಡುವೆ ಇಟ್ಟಳು.

ಅಷ್ಟರಲ್ಲಿ ಅಪ್ಪನೇ ಒಂದು ಜಾಗ ಪತ್ತೆ ಮಾಡಿದ. ಚಿಕ್ಕ ದ್ವೀಪ, ಬೆರಳೆಣಿಕೆಯ ಕೋಣೆಗಳು. ಇಂಟರ್ನೆಟ್ಟಿನಲ್ಲಿ ಅದರ ಒಂದೇ ಚಿತ್ರವಿತ್ತು, ಅದೂ ಮಬ್ಬು ಮಬ್ಬು. ಅಪ್ಪ ಫೋನ್ ಮಾಡಿದಾಗ ಎತ್ತಿದ್ದು ಒಬ್ಬ ವಯಸ್ಸಾದ ಹೆಂಗಸು, ಆ ಜಾಗದ ಒಡತಿ. ಗಂಟಲು ಒರಟು.

"ಪೈಪು ಎಲ್ಲಿ ಮುಗಿಯುತ್ತೆ?" ಅಂದ ಅಪ್ಪ, ನಮಸ್ಕಾರವನ್ನೂ ಹೇಳದೆ.

"ಪೈಪೂ ಇಲ್ಲ ಗೀಪೂ ಇಲ್ಲ. ಅಡುಗೆಮನೆ ಹಿಂದೆ ಗುಂಡಿ ಇದೆ. ತುಂಬಿದ ಮೇಲೆ ದೋಣಿಯೋರು ಬಂದು ಬಳ್ಕೊಂಡು ಹೋಗ್ತಾರೆ. ಗಾಳಿ ತಿರುಗಿದ್ರೆ ನಾರುತ್ತೆ. ನಾರೋದು ಆಗಲ್ಲ ಅನ್ನೋರು ದಯವಿಟ್ಟು ಬರ್ಬೇಡಿ. ಬಂದ್ಮೇಲೆ ನನ್ನ ತಲೆ ತಿಂತಾರೆ."

ಅಪ್ಪನ ಮುಖ ಅರಳಿತು. ಫೋನಿಗೆ ಕೈ ಅಡ್ಡ ಹಿಡಿದು, "ಇದೇ," ಅಂದ.

"ನಾರುತ್ತೆ ಅಂತ ಅವರೇ ಹೇಳ್ತಿದ್ದಾರಲ್ಲಪ್ಪಾ!" ಎಂದು ಅಣ್ಣ ಕಿರುಚಿದ.

"ಮೇಲೆ ನಾರಿದ್ರೆ ತಾನೇ ಕೆಳಗೆ ಚೆನ್ನಾಗಿರೋದು? ನಿಮಗೆಲ್ಲ ಕಣ್ಣಿಗೆ ಕಾಣದಿದ್ರೆ ಸಾಕು, ಎಲ್ಲಿಗೆ ಹೋದ್ರೂ ಪರವಾಗಿಲ್ಲ."

ಅಣ್ಣ ಕೈಮುಗಿದು, ತನಗೆ ರಜೆ ಇಲ್ಲವೆಂದ. ನಾನು ರಜೆ ಹಾಕಿ ಹೊರಟೆ. ಇವರಿಬ್ಬರನ್ನೇ ಕಳಿಸಿದರೆ ದಾರಿಯಲ್ಲಿ ಅಪ್ಪ ಹಡಗನ್ನೇ ತಿರುಗಿಸಿ ತಂದರೂ ತಂದಾನು ಎಂಬ ಭಯ. ಅವನ ಚೀಲದಲ್ಲಿ ಬಟ್ಟೆಗಿಂತ ಸೋಪು, ಬ್ರಷ್ಷುಗಳೇ ಹೆಚ್ಚಿದ್ದವು. ಕ್ಲೋರಿನ್ ಪುಡಿಯ ಡಬ್ಬವೂ ಇತ್ತು. ಎಲ್ಲಿಗೆ ಹೋದರೂ ಅಲ್ಲಿನ ಬಚ್ಚಲಿಗೆ ಒಂದು ಚಿಟಿಕೆ ಹಾಕದೆ ಅವನು ಸ್ನಾನ ಮಾಡಿದವನಲ್ಲ.

ದ್ವೀಪ ಹೇಳಿದಂತೆಯೇ ನಾರುತ್ತಿತ್ತು. ದೋಣಿ ಇಳಿದೊಡನೆ ಮೂಗಿಗೆ ರಪ್ಪೆಂದು ಹೊಡೆಯಿತು. ಹಾಸಿಗೆಗಳು ತೇವ, ಬಾಗಿಲು ಮುಚ್ಚಿದರೆ ತೆರೆಯದು, ತೆರೆದರೆ ಮುಚ್ಚದು, ಬಚ್ಚಲಿನಲ್ಲಿ ಒಂದು ಏಡಿ ಯಜಮಾನನ ಗತ್ತಿನಲ್ಲಿ ಓಡಾಡುತ್ತಿತ್ತು. ನನಗೆ ಕಿರಿಕಿರಿಯಾಗಿ ಅಳುವೇ ಬಂತು. ಅಪ್ಪ ಮಾತ್ರ ಒಡತಿಯ ಜೊತೆ ಹೋಗಿ ಗುಂಡಿಯ ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು ಇಣುಕಿ ನೋಡಿ, ತಲೆದೂಗುತ್ತ ಬಂದ. ಬೇರೆಯವರು ಸೂರ್ಯಾಸ್ತ ನೋಡಿ ಬರುವಂತೆ ಇವನು ಅದನ್ನು ನೋಡಿ ಬಂದ.

ಕೋಣೆಗಳ ಮುಂದೆಯೇ ಕಡಲು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು, ಬಂಡೆಗಳ ಬಳೆಯೊಳಗೆ ಒಂದು ಮಡುವನ್ನು ಬಿಟ್ಟುಹೋಗುತ್ತಿತ್ತು. ನಮ್ಮ ಮನೆಯ ಹಾಲಿನಷ್ಟು ಅಗಲ, ಸೊಂಟದ ಮಟ್ಟದ ಆಳ. ಉಬ್ಬರ ಬಂದರೆ ಬಂಡೆಗಳೆಲ್ಲ ಮುಳುಗಿ ಅದು ಮತ್ತೆ ಸಮುದ್ರವೇ. ಅಲೆಗೆ ಹೆದರುವ ಅಮ್ಮನಿಗೆ ಹೇಳಿ ಮಾಡಿಸಿದ ಜಾಗ. ಮಾಸ್ಕು ಹಾಕಿ, ಕೊಳವೆ ಕಚ್ಚಿಕೊಂಡು, ಮುಖ ಕೆಳಗೆ ಮಾಡಿ ತೇಲಿದಳು. ನಾನೂ ಇಳಿದೆ. ಟೀವಿಯಲ್ಲಿದ್ದಷ್ಟು ಕೆಂಪು ಹಸಿರು ಅಲ್ಲಿರಲಿಲ್ಲ. ಕಂದು ಬಣ್ಣದ ಹವಳದ ಪೊದೆಗಳು, ತುದಿಯಲ್ಲಿ ಒಂಚೂರು ನೇರಳೆ. ಆದರೆ ಜೀವ ಇತ್ತು. ಕೊಂಬೆ ಕೊಂಬೆಗಳ ನಡುವೆ ಉಗುರಿನಷ್ಟು ನೀಲಿ ಮೀನುಗಳು ಒಳಗೆ ಹೊರಗೆ ಆಡುತ್ತಿದ್ದವು. ಕೊಳವೆಯೊಳಗಿಂದ ಅಮ್ಮ ನಗುವ ಸದ್ದು ವಿಚಿತ್ರವಾಗಿ ಕೇಳಿಸುತ್ತಿತ್ತು.

ಮೇಲೆ ಬಂದಾಗ ಮಾಸ್ಕಿನ ಅಂಚು ಒತ್ತಿ ಮುಖದ ಸುತ್ತ ಕೆಂಪು ಗೆರೆ ಬಿದ್ದಿತ್ತು. "ಅಲ್ಲೊಂದು ಕರಿ ಮೀನಿದೆ ರೀ, ಹೆಬ್ಬೆಟ್ಟಿನಷ್ಟು," ಎಂದು ಅಪ್ಪನಿಗೆ ಹೇಳಿದಳು. "ಅದರ ಮನೆ ಹತ್ತಿರ ಹೋದ್ರೆ ಸೀದಾ ಜಗಳಕ್ಕೇ ಬರುತ್ತೆ. ಕನ್ನಡಕಕ್ಕೆ ಬಂದು ಗುದ್ದುತ್ತೆ! ಬನ್ನಿ, ತೋರಿಸ್ತೀನಿ."

ಅಪ್ಪ ಪ್ಯಾಂಟ್ ಮಡಿಚಿ ಬಂಡೆಯ ಮೇಲೆ ಕೂತಿದ್ದ. ಬೊಗಸೆಯಲ್ಲಿ ನೀರು ತೆಗೆದು ಮೂಸಿದ. "ವಾಸನೇನೇ ಇಲ್ವಲ್ಲ," ಅಂದ. ಕ್ಲೋರಿನ್ ವಾಸನೆ ಬಾರದ ನೀರನ್ನು ಅವನ ಮೂಗು ನಂಬದು. ಮರಳಿನ ಮೇಲೆ ಕರ್ರಗೆ, ಕೊಳವೆಯಂತೆ ಮಲಗಿದ್ದ ಏನನ್ನೋ ಬೆರಳು ಮಾಡಿ ತೋರಿಸಿ, "ಅದು ಯಾರು ಮಾಡಿದ್ದು?" ಅಂದ.

"ಅದು ಪ್ರಾಣಿ ರೀ! ಮರಳು ತಿಂದ್ಕೊಂಡು ಬದುಕುತ್ತೆ."

ಅಪ್ಪ ನಂಬಲಿಲ್ಲ. "ನಾಳೆ ನೋಡೋಣ," ಅಂದ. ಅಮ್ಮ ಅವನ ಪಕ್ಕದಲ್ಲೇ ಬಂಡೆಯ ಮೇಲೆ ಕೂತಳು, ಮೈಯಿಂದ ನೀರು ಸೋರುತ್ತಿರುವಂತೆಯೇ. ಅವನು ಏಳಲಿಲ್ಲ. ಸ್ವಲ್ಪ ಸರಿದ, ಅಷ್ಟೆ. ಅಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಮರುದಿನ ಸಂಜೆಯ ಇಳಿತದಲ್ಲಿ ಎಲ್ಲ ಹದಗೆಟ್ಟಿತು. ಪಕ್ಕದ ಕೋಣೆಯ ಗಂಡ ಹೆಂಡತಿ ತಮ್ಮ ಕೂಸನ್ನು ಬರೀ ಮೈಯಲ್ಲಿ ತಂದು ಮಡುವಿಗೆ ಇಳಿಸಿದರು. ಅಪ್ಪ ಆ ಹೊತ್ತಿಗೆ ಪಾದದ ತನಕ ನೀರಿನಲ್ಲಿದ್ದ. ಅಲ್ಲಿಗೆ ಬರಲು ಅವನಿಗೆ ಎರಡು ದಿನ ಬೇಕಾಗಿತ್ತು. ಕೂಸು ಒಂದು ಸಲ ಮುಖ ಕೆಂಪಗೆ ಮಾಡಿತು. ನೀರು ಹಳದಿಯಾಯಿತು. ಅದರ ಅಪ್ಪ ಅಮ್ಮನಿಗೆ ನಗು! ಗಂಡ ಕೈಯಲ್ಲಿ ನೀರು ತಳ್ಳಿ ಅದನ್ನು ನಮ್ಮ ಕಡೆ ಓಡಿಸಿದ. ಹೆಂಡತಿ ಫೋಟೊ ತೆಗೆದಳು. ಒಂದು ಮಾತಿಲ್ಲ, ಕತೆಯಿಲ್ಲ, ಕೂಸನ್ನು ಅದೇ ನೀರಿನಲ್ಲಿ ಅದ್ದಿ ತೊಳೆದು ಎತ್ತಿಕೊಂಡು ಹೋದರು. ಕೂಸಿನದೇನು ತಪ್ಪು? ಆ ದೊಡ್ಡ ಹಂದಿಗಳಿಗೆ ಎರಡು ಬಿಗಿಯಬೇಕು ಅನ್ನಿಸಿತು ನನಗೆ. ಅಪ್ಪ ಹಾರಿ ಹೊರಗೆ ಬಂದು ಬಂಡೆಗಳ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

"ಮುಗೀತು," ಅಂದಳು ಅಮ್ಮ. "ಇನ್ನು ಇವರು ಇಳಿದ ಹಾಗೇ." ಮಾಸ್ಕನ್ನು ಬಿಚ್ಚಿ ಒರೆಸಿ ಚೀಲದೊಳಗೆ ಇಟ್ಟಳು.

ಊಟದ ಹೊತ್ತಿಗೆ ಅಪ್ಪ ಬಂದು ಅವಳ ಎದುರು ನಿಂತ. ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಕೈ ಕಟ್ಟಿಕೊಂಡಿದ್ದ. "ನಾಳೆ ಬೆಳಗ್ಗೆ ಇಳೀತೀನಿ," ಅಂದ. "ನಿನ್ನಾಣೆ, ಇಳೀತೀನಿ."

ಅಮ್ಮ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಇಂಥ ದಿನ, ಇಂಥ ಸಂಜೆ ಅವನು ಹಾಗೆ ಅಂದದ್ದಕ್ಕೇ ಅವಳಿಗೆ ಅದು ದೊಡ್ಡದಾಯಿತು. ಊಟ ಮುಗಿದ ಮೇಲೆ ಎರಡನೆಯ ಜೊತೆ ಮಾಸ್ಕು, ಕೊಳವೆ ತೆಗೆದು ಅವನ ದಿಂಬಿನ ಪಕ್ಕ ಇಟ್ಟಳು. ಅವನಿಗೆಂದು ತಂದಿದ್ದ ಈಜು ಚಡ್ಡಿಯನ್ನು ಮೊಣಕಾಲ ಮೇಲಿಟ್ಟು ಕೈಯಿಂದಲೇ ಸುಕ್ಕು ತೀಡಿದಳು. "ಬರ್ತಾರಂತೆ ಕಣೇ," ಎಂದು ನನಗೆ ಹೇಳಿದಳು. ನಾನು ಅಲ್ಲೇ ಕೂತು ಕೇಳಿಸಿಕೊಂಡಿದ್ದೆ ಎಂಬುದೂ ಅವಳಿಗೆ ಮರೆತಿತ್ತು.

ಬೆಳಗ್ಗೆ ಅಮ್ಮ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಅಪ್ಪನ ಹಾಸಿಗೆ ಖಾಲಿ. ಈಜು ಬಟ್ಟೆ ಹಾಕಿ, ಮಾಸ್ಕನ್ನು ಹಣೆಗೇರಿಸಿಕೊಂಡು ಅವಳು ಆಗಲೇ ತಯಾರಾಗಿ ನಿಂತಿದ್ದಳು. "ನಂಗಿಂತ ಮುಂಚೆ ಹೋಗಿದ್ದಾರೆ ನೋಡು!" ಎಂದು ಮದುವಣಗಿತ್ತಿಯ ಹಾಗೆ ನಕ್ಕಳು.

ಬಾಗಿಲು ದಾಟಿದೊಡನೆ ನನ್ನ ಮೂಗಿಗೆ ವಾಸನೆ ಬಡಿಯಿತು. ಅದು ಗುಂಡಿಯದಲ್ಲ. ಅದು ಕ್ಲಬ್ಬಿನ ವಾಸನೆ, ಅಪ್ಪನ ಅಂಗಿಯ ವಾಸನೆ. ಕಣ್ಣು ಉರಿಯುವಷ್ಟು ಖಾರವಾಗಿತ್ತು. ನಾನು ಮಡುವಿನ ಕಡೆ ಓಡಿದೆ.

ಅಪ್ಪ ಮಡುವಿನ ನಡುವೆ ಸೊಂಟದ ತನಕ ನೀರಿನಲ್ಲಿ ನಿಂತಿದ್ದ. ಚಡ್ಡಿ, ಹಣೆಯ ಮೇಲೆ ಮಾಸ್ಕು, ಬಿಳುಚಿದ ಎದೆ. ಬಂಡೆಯ ಮೇಲೆ ಕ್ಲೋರಿನ್ ಡಬ್ಬ ಬಾಯಿ ತೆರೆದು ಅಡ್ಡಬಿದ್ದಿತ್ತು. ನಮ್ಮನ್ನು ಕಂಡು ಅವನು ನಕ್ಕ. ಅಷ್ಟು ತುಂಬಿದ ನಗೆಯನ್ನು ನಾನು ಅವನ ಮುಖದಲ್ಲಿ ಹಿಂದೆಂದೂ ಕಂಡಿರಲಿಲ್ಲ.

"ಬಾರೇ!" ಎಂದು ಅಮ್ಮನ ಕಡೆ ಕೈ ಚಾಚಿದ. "ಈಗ ಕ್ಲೀನಾಗಿದೆ. ಶಾಕ್ ಕೊಟ್ಟಿದ್ದೀನಿ. ಈಗ ಇದರಲ್ಲಿ ಏನೂ ಇಲ್ಲ."

ಏನೂ ಇರಲಿಲ್ಲ. ನೀಲಿ ಮೀನುಗಳು, ಕರಿ ಮೀನುಗಳು, ನಾವು ಇನ್ನೂ ನೋಡಿಯೇ ಇರದ ಪಟ್ಟೆ ಮೀನುಗಳು, ಎಲ್ಲವೂ ಹೊಟ್ಟೆ ಮೇಲಾಗಿ ಅವನ ಸೊಂಟದ ಸುತ್ತ ತೇಲುತ್ತಿದ್ದವು. ಒಂದೆರಡು ಇನ್ನೂ ಬಾಯಿ ಆಡಿಸುತ್ತಿದ್ದವು. ಕೆಳಗೆ ಹವಳದ ಪೊದೆಗಳ ಮೇಲೆ ಮೂಗಿನ ಸಿಂಬಳದಂಥ ಲೋಳೆ ಎದ್ದು, ಎಳೆ ಎಳೆಯಾಗಿ ಬಿಡಿಸಿಕೊಂಡು ಮೇಲೆ ಬರುತ್ತಿತ್ತು. ಅಪ್ಪನಿಗೆ ಅದೊಂದೂ ಕಾಣಲಿಲ್ಲ. ನೀರಿನ ಮೇಲೆ ತೇಲುವುದೆಲ್ಲ ಅವನ ಲೆಕ್ಕದಲ್ಲಿ ಕಸ. "ಇರು, ಇವನ್ನ ತೆಗೆದುಬಿಡ್ತೀನಿ," ಎಂದು ಬೊಗಸೆಯಲ್ಲಿ ಮೀನುಗಳನ್ನು ಮೊಗೆದು ಬಂಡೆಯಾಚೆ ಎಸೆಯತೊಡಗಿದ.

"ಏನಪ್ಪಾ ಮಾಡ್ದೆ ನೀನು!" ಎಂದು ನಾನು ಕಿರುಚಿದೆ. "ಎಲ್ಲ ಕೊಂದುಬಿಟ್ಯಲ್ಲೋ!"

"ಏನಾಯ್ತೀಗ? ನಿನ್ನೆ ಆ ಮಗು ಮಾಡಿದ್ದು ನೀನೂ ನೋಡ್ಲಿಲ್ವಾ? ನಿಮ್ಮಮ್ಮ ಇದೇ ನೀರಿಗೆ ಬಾಯಿ ಇಡ್ತಾಳೆ."

"ರಾತ್ರಿ ಉಬ್ಬರ ಬಂದಿತ್ತು," ಅಂದಳು ಅಮ್ಮ. ಅವಳ ಸ್ವರ ಬಹಳ ಮೆಲ್ಲಗಿತ್ತು. "ಆ ನೀರು ಆಗ್ಲೇ ಹೋಗಿತ್ತು ರೀ. ಇದು ಹೊಸ ನೀರು."

ಅಪ್ಪನ ಕೈ ನಿಂತಿತು. ಬೊಗಸೆಯಲ್ಲಿದ್ದದ್ದನ್ನು ಆಗ ನೋಡಿದ. ಆಮೇಲೆ ಸುತ್ತಲೂ ನೋಡಿದ, ಕೆಳಗೂ ನೋಡಿದ. ನೋಡುತ್ತ ನೋಡುತ್ತ ಅವನ ಮುಖದಿಂದ ನಗೆ ಇಳಿದುಹೋಯಿತು. "ನಿಂಗೋಸ್ಕರ..." ಅಂದ. "ನಿನ್ನ ಜೊತೆ ಇಳಿಯೋಕೆ ಅಂತ..." ಬೊಗಸೆ ಸಡಿಲಿಸಿ, ಒಂದು ಕೈಯನ್ನು ಮತ್ತೆ ಅಮ್ಮನ ಕಡೆ ಚಾಚಿದ. "ಇಳಿದಿದ್ದೀನಲ್ಲೇ. ಬಾ."

ಅಮ್ಮ ಆ ಕೈಯನ್ನೇ ನೋಡಿದಳು. ಹಣೆಯ ಮೇಲಿನ ಮಾಸ್ಕನ್ನು ಬಿಚ್ಚಿ ಕೈಯಲ್ಲಿ ಹಿಡಿದಳು.

"ನಂಗೆ ಹೇಸಿಗೆ ಆಗ್ತಿದೆ," ಅಂದಳು.

ಅಮ್ಮನ ಬಾಯಲ್ಲಿ ಆ ಮಾತು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೇನೋ. ಗಾಬರಿಯಲ್ಲಿ ತಡವರಿಸಿದ. "ಮತ್ತೆ ಉಬ್ಬರ ಬರುತ್ತೆ, ಅಲ್ವಾ? ಈ ನೀರು ಹೋಗುತ್ತೆ. ಹೊಸ ನೀರು ಬರುತ್ತೆ."

"ನೀರಿಂದ ಅಲ್ಲ," ಅಂದಳು ಅಮ್ಮ.

ತಿರುಗಿ ಕೋಣೆಯ ಕಡೆ ನಡೆದಳು. ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ಅಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅಲ್ಲೇ ನಿಂತಿದ್ದ. ಮೀನುಗಳು ಅವನ ಹೊಟ್ಟೆಗೆ, ತೋಳಿಗೆ ಬಂದು ತಾಗುತ್ತಿದ್ದವು, ಅವನು ಕೊಡವಿಕೊಳ್ಳಲೂ ಇಲ್ಲ. ನನಗೆ ಅವನ ಮೇಲೆ ಬಂದ ಹೇಸಿಗೆ ಅಷ್ಟಿಷ್ಟಲ್ಲ. ಅದರ ಜೊತೆಗೇ ಅಯ್ಯೋ ಪಾಪ ಅಂತಲೂ ಅನ್ನಿಸಿತು.

"ಮೇಲೆ ಬಾಪ್ಪ," ಅಂದೆ. "ಮೈ ಉರಿಯುತ್ತೆ ಆ ನೀರಲ್ಲಿ. ಬಾ."

"ಅವಳು ಕರೀಲಿ, ಬರ್ತೀನಿ," ಅಂದ.

ಸಮುದ್ರ ನಿಧಾನವಾಗಿ ಬಂಡೆಗಳ ಸಂದಿಯಿಂದ ಒಳಗೆ ಬರತೊಡಗಿತು. ಮೊದಲು ಅವನ ಸೊಂಟದ ಮೇಲಕ್ಕೆ, ಆಮೇಲೆ ಎದೆಯ ತನಕ ಏರಿತು. ನಾನು ಹೋಗಿ ಬಾಗಿಲು ಬಡಿದೆ, ಬೇಡಿಕೊಂಡೆ, ಬೈದೆ. ಅಮ್ಮ ಕರೆಯಲಿಲ್ಲ.